ಅಂಕೋಲೆಯ ಕರನಿರಾಕರಣೆ ಕಾಲದ ಬ್ರಿಟನ್ ಪ್ರಧಾನಿ ರಾಮ್ಸೆ ಮ್ಯಾಕ್‌ಡೊನಾಲ್ಡ್: ಫಲಕದಲ್ಲಿ ಏನು ಬರೆಯಬೇಕು?

ಗಂಗಾವಳಿ_ದಂಡೆ:

ಎಲ್ಲರಿಗೂ ನಮಸ್ಕಾರ. ಅಂಕೋಲಾ ತಾಲೂಕಿನ ಒಂದು ಪ್ರೌಢಶಾಲೆಯಲ್ಲಿ ಉಪ್ಪಿನ ಸತ್ಯಾಗ್ರಹ ಮತ್ತು ಕರನಿರಾಕರಣೆ ಬಗ್ಗೆ ಫಲಕ ಪ್ರದರ್ಶನ ತಯಾರಾಗುತ್ತಿದೆ. ಸ್ಥಳೀಯ ಭಾಗ ಮುಗಿದಿದೆ. 1930ರ ಏಪ್ರಿಲ್ 13ರಂದು ಅಂಕೋಲೆಯಲ್ಲಿ ಎಂ. ಪಿ. ನಾಡಕರ್ಣಿಯವರು ಉಪ್ಪಿನ ಕಾಯ್ದೆ ಮುರಿದದ್ದು, 1930–31 ಮತ್ತು 1932ರಲ್ಲಿ ಅಂಕೋಲಾ, ಸಿದ್ದಾಪುರ ಕಡೆಯ ರೈತರು ಕಂದಾಯ ಕೊಡದೆ ಜಮೀನು ಕಳೆದುಕೊಂಡದ್ದು, ಇವೆಲ್ಲ ಬಂದಿವೆ. ಉಳಿದದ್ದು ಒಂದೇ ಫಲಕ: ಆಗ ಲಂಡನ್ನಿನಲ್ಲಿ ಅಧಿಕಾರದಲ್ಲಿದ್ದವರು ಯಾರು, ಅವರು ಎಂಥವರು?

ಮಕ್ಕಳು ಗೈಡು, ಪಠ್ಯಪುಸ್ತಕ ನೋಡಿ ಬರೆದ ಕರಡು ಹೀಗಿದೆ:

"ಇಂಗ್ಲೆಂಡಿನ ರಾಮ್ಸೆ ಮ್ಯಾಕ್‌ಡೊನಾಲ್ಡ್ 1929ರಿಂದ 1935ರವರೆಗೆ ಲೇಬರ್ ಪಕ್ಷದ ಪ್ರಧಾನಿ. ಸೈಮನ್ ಆಯೋಗ ಕಳಿಸಿದರು. ಮೂರು ದುಂಡುಮೇಜಿನ ಸಮ್ಮೇಳನ ನಡೆಸಿದರು. ಕೋಮುವಾರು ತೀರ್ಪು ಕೊಟ್ಟರು, ಪೂನಾ ಒಪ್ಪಂದಕ್ಕೆ ಸಹಿ ಹಾಕಿದರು, 1935ರ ಕಾಯ್ದೆ ತಂದರು."

ಇದರಲ್ಲಿ ಎಷ್ಟು ಸರಿ? ಇನ್ನೊಂದು ವಿಷಯ. ಒಂಬತ್ತನೇ ತರಗತಿಯವರು ಕೇಳುತ್ತಿರುವ ಪ್ರಶ್ನೆಗೆ ಗಟ್ಟಿಯಾದ ಉತ್ತರ ಬೇಕು: ಬಡವರ ಪಕ್ಷದವನು, ಭಾರತದ ಬಗ್ಗೆ ಸಹಾನುಭೂತಿ ಇದ್ದವನು ಪ್ರಧಾನಿಯಾಗಿದ್ದಾಗಲೇ ನಮ್ಮೂರಿನ ಗದ್ದೆ ಜಪ್ತಿಯಾದದ್ದು ಹೇಗೆ? ಫಲಕದಲ್ಲಿ ಹೆಚ್ಚೆಂದರೆ 120 ಪದ ಹಿಡಿಯುತ್ತದೆ, ಜೊತೆಗೆ ಒಂದು ಕಾಲರೇಖೆ.


ಕೋಡಿಬಾಗ_ಹಳೆಕಾಗದ:

ಮೇಷ್ಟ್ರೇ, ಕರಡಿನಲ್ಲಿ ತಿದ್ದಬೇಕಾದ್ದು ಬಹಳ ಇದೆ. ಸಾಲು ಹಿಡಿದೇ ಹೇಳುತ್ತೇನೆ. ಈ ತಪ್ಪುಗಳು ಗೈಡಿನಿಂದ ಗೈಡಿಗೆ ಹೋಗುತ್ತಲೇ ಇವೆ, ಒಂದು ಕಡೆಯಾದರೂ ನಿಲ್ಲಲಿ.

"ಇಂಗ್ಲೆಂಡಿನ" ಅನ್ನುವುದನ್ನು ತೆಗೆಯಿರಿ. ಅವರು ಸ್ಕಾಟ್ಲೆಂಡಿನವರು. ಹುಟ್ಟಿದ್ದು 1866ರ ಅಕ್ಟೋಬರ್ 12, ಸ್ಕಾಟ್ಲೆಂಡಿನ ಈಶಾನ್ಯ ಕರಾವಳಿಯ ಲಾಸಿಮೌತ್ ಎಂಬ ಮೀನುಗಾರರ ಊರಿನಲ್ಲಿ. ತಾಯಿ ಆ್ಯನ್ ರಾಮ್ಸೆ, ತಂದೆ ಹೊಲದ ಆಳು ಜಾನ್ ಮ್ಯಾಕ್‌ಡೊನಾಲ್ಡ್. ಇಬ್ಬರಿಗೂ ಮದುವೆ ಆಗಿರಲಿಲ್ಲ, ಮಗು ಬೆಳೆದದ್ದು ತಾಯಿ ಮತ್ತು ಅಜ್ಜಿಯ ಕೈಯಲ್ಲಿ. ಊರ ಶಾಲೆಯಲ್ಲೇ ಓದಿ ಅಲ್ಲೇ ಕಿರಿಯ ಶಿಕ್ಷಕನಾದರು. 1885ರಲ್ಲಿ ಬ್ರಿಸ್ಟಲ್, ಮರುವರ್ಷ ಲಂಡನ್. ಕಾಲೇಜು ಪದವಿ ಇಲ್ಲ.

"1929ರಿಂದ 1935ರವರೆಗೆ ಲೇಬರ್ ಪ್ರಧಾನಿ" ಎನ್ನುವುದು ಕರಡಿನ ಅತಿ ದೊಡ್ಡ ತಪ್ಪು. ಅವರ ಆಡಳಿತವನ್ನು ಮೂರು ತುಂಡಾಗಿ ನೋಡಬೇಕು. ಮೊದಲನೆಯದು 1924ರ ಜನವರಿ 22ರಿಂದ ನವೆಂಬರ್ 4ರವರೆಗೆ. ಬ್ರಿಟನ್ನಿನ ಮೊದಲ ಲೇಬರ್ ಸರ್ಕಾರ ಅದೇ. ಎರಡನೆಯದು 1929ರ ಜೂನ್‌ನಿಂದ 1931ರ ಆಗಸ್ಟ್ 24ರವರೆಗೆ, ಅದೂ ಲೇಬರ್ ಸರ್ಕಾರ. ಮೂರನೆಯದು ಅದೇ ಆಗಸ್ಟ್ 24ರಿಂದ 1935ರ ಜೂನ್ 7ರವರೆಗೆ. ಇದು ರಾಷ್ಟ್ರೀಯ ಸರ್ಕಾರ ಅನ್ನಿಸಿಕೊಂಡಿತ್ತು, ಸದಸ್ಯಬಲದಲ್ಲಿ ಮುಕ್ಕಾಲು ಪಾಲಿಗಿಂತ ಹೆಚ್ಚು ಕನ್ಸರ್ವೇಟಿವ್ ಪಕ್ಷದವರೇ. ಈ ಸರ್ಕಾರ ಕಟ್ಟಿದ ಮೇಲೆ ಲೇಬರ್ ಪಕ್ಷ ಅವರನ್ನು ಹೊರಹಾಕಿತು. ಹಾಗಾಗಿ ನಿಮ್ಮ ತಾಲೂಕಿನ ಕರನಿರಾಕರಣೆಯ ಮೊದಲ ಸುತ್ತು ಲೇಬರ್ ಸರ್ಕಾರದ ಕಾಲದ್ದು, 1932ರ ಎರಡನೇ ಸುತ್ತು ರಾಷ್ಟ್ರೀಯ ಸರ್ಕಾರದ ಕಾಲದ್ದು. ಪ್ರಧಾನಿ ಒಬ್ಬರೇ, ಸರ್ಕಾರ ಎರಡು. ಫಲಕದಲ್ಲಿ ಈ ಒಂದು ವಿಷಯ ಸ್ಪಷ್ಟವಾಗಿ ಬಂದರೆ ಅರ್ಧ ಕೆಲಸ ಮುಗಿಯಿತು.

ಭಾರತದ ಆಡಳಿತ ಸುಧಾರಣೆ ಪರಿಶೀಲಿಸಲು ಬಂದ ಸೈಮನ್ ಆಯೋಗವನ್ನು ಕಳಿಸಿದ್ದು ಇವರಲ್ಲ. ಅದು 1927ರ ನವೆಂಬರ್, ಆಗ ಪ್ರಧಾನಿ ಕನ್ಸರ್ವೇಟಿವ್ ಪಕ್ಷದ ಬಾಲ್ಡ್ವಿನ್. ಮ್ಯಾಕ್‌ಡೊನಾಲ್ಡ್ ವಿರೋಧ ಪಕ್ಷದ ನಾಯಕರು. ಆದರೆ ಅವರ ಪಕ್ಷದ ಇಬ್ಬರು ಆ ಆಯೋಗದಲ್ಲಿದ್ದರು. ಒಬ್ಬರು ಕ್ಲೆಮೆಂಟ್ ಆಟ್ಲಿ, 1947ರಲ್ಲಿ ನಮಗೆ ಸ್ವಾತಂತ್ರ್ಯ ಬಂದಾಗ ಬ್ರಿಟನ್ ಪ್ರಧಾನಿಯಾಗಿದ್ದವರೇ. ಆಯೋಗದ ವರದಿ ಹೊರಬಂದದ್ದು ಮಾತ್ರ 1930ರ ಜೂನ್, ಮ್ಯಾಕ್‌ಡೊನಾಲ್ಡ್ ಕಾಲದಲ್ಲಿ. ಗೊಂದಲ ಹುಟ್ಟುವುದು ಇಲ್ಲಿಂದಲೇ.

ಪೂನಾ ಒಪ್ಪಂದಕ್ಕೆ ಅವರ ಸಹಿ ಇಲ್ಲ. ಗಾಂಧೀಜಿಯ ಸಹಿಯೂ ಇಲ್ಲ. ಅದು ಅಂಬೇಡ್ಕರ್ ಮತ್ತು ದಲಿತ ನಾಯಕರು ಒಂದು ಕಡೆ, ಮಾಳವೀಯ ಮೊದಲಾದ ಸವರ್ಣ ಹಿಂದೂ ನಾಯಕರು ಇನ್ನೊಂದು ಕಡೆ ನಿಂತು 1932ರ ಸೆಪ್ಟೆಂಬರ್ 24ರಂದು ಮಾಡಿಕೊಂಡದ್ದು. ಬ್ರಿಟಿಷ್ ಸರ್ಕಾರ ಎರಡು ದಿನದ ಮೇಲೆ ಒಪ್ಪಿತು, ಅಷ್ಟೇ.

1935ರ ಭಾರತ ಸರ್ಕಾರ ಕಾಯ್ದೆಗೆ ರಾಜನ ಅಂಕಿತ ಬಿದ್ದದ್ದು ಆಗಸ್ಟ್ 2ರಂದು. ಅಷ್ಟರಲ್ಲಿ ಬಾಲ್ಡ್ವಿನ್ ಪ್ರಧಾನಿಯಾಗಿ ಎರಡು ತಿಂಗಳಾಗುತ್ತ ಬಂದಿತ್ತು. ಮಸೂದೆಯ ತಯಾರಿ ಮ್ಯಾಕ್‌ಡೊನಾಲ್ಡ್ ಕಾಲದ್ದು, ಅದನ್ನು ಸಂಸತ್ತಿನಲ್ಲಿ ಹೊತ್ತು ದಾಟಿಸಿದವರು ಸ್ಯಾಮ್ಯುಯೆಲ್ ಹೋರ್. "1935ರ ಕಾಯ್ದೆಗೆ ದಾರಿ ಮಾಡಿದ ಸಮ್ಮೇಳನಗಳ ಅಧ್ಯಕ್ಷ" ಅಂತ ಬರೆದರೆ ಸರಿಹೋಗುತ್ತದೆ.

ಭಾರತದ ಮುಂದಿನ ಆಡಳಿತದ ಬಗ್ಗೆ ಲಂಡನ್ನಿನಲ್ಲಿ ಮೂರು ದುಂಡುಮೇಜಿನ ಸಮ್ಮೇಳನ ನಡೆದದ್ದು ಸರಿ: 1930ರ ನವೆಂಬರ್ 12ರಿಂದ 1931ರ ಜನವರಿ 19, 1931ರ ಸೆಪ್ಟೆಂಬರ್ 7ರಿಂದ ಡಿಸೆಂಬರ್ 1, 1932ರ ನವೆಂಬರ್ 17ರಿಂದ ಡಿಸೆಂಬರ್ 24. ಗಾಂಧೀಜಿ ಹೋದದ್ದು ಎರಡನೆಯದಕ್ಕೆ ಮಾತ್ರ. ಮೂರನೆಯದಕ್ಕೆ ಲೇಬರ್ ಪಕ್ಷವೇ ಹೋಗಲಿಲ್ಲ. ಮೈಸೂರಿನ ದಿವಾನ ಮಿರ್ಜಾ ಇಸ್ಮಾಯಿಲ್ ಮೊದಲ ಸಮ್ಮೇಳನದಲ್ಲಿದ್ದರು. ಆದರೆ ಅವರನ್ನು "ನಮ್ಮ ಪ್ರತಿನಿಧಿ" ಅಂತ ಹಾಕಬೇಡಿ. ನಮ್ಮ ಜಿಲ್ಲೆ 1862ರಿಂದಲೇ ಮುಂಬೈ ಪ್ರಾಂತದಲ್ಲಿತ್ತು, ಮೈಸೂರಿನಲ್ಲಿ ಅಲ್ಲ.


ಸೋಂದಾ_ದಾರಿ:

ಮೇಲಿನವರು ತಾರೀಖು ತಿದ್ದಿದ್ದಾರೆ. ಮಕ್ಕಳ ಪ್ರಶ್ನೆಗೆ ಬರುತ್ತೇನೆ, ಯಾಕೆಂದರೆ ಅದೇ ಅಸಲು ವಿಷಯ.

ಮೊದಲು ಅವರ ಸಹಾನುಭೂತಿ ಎಷ್ಟು ಖರೆ ಎಂಬುದು. ಅದು ಬಾಯಿಮಾತಾಗಿರಲಿಲ್ಲ. 1909ರಲ್ಲಿ ಹೆಂಡತಿ ಮಾರ್ಗರೆಟ್ ಜೊತೆ ಭಾರತಕ್ಕೆ ಬಂದರು, ಬ್ರಿಟನ್ನಿನಲ್ಲಿ ಚುನಾವಣೆ ಘೋಷಣೆಯಾಗಿ ಪ್ರವಾಸ ಮೊಟಕು ಮಾಡಿ ಹೋದರು, ಮರುವರ್ಷ ಭಾರತದ ಎಚ್ಚರದ ಬಗ್ಗೆ ಪುಸ್ತಕ ಬರೆದರು. 1911ರ ಕಲ್ಕತ್ತಾ ಕಾಂಗ್ರೆಸ್ ಅಧಿವೇಶನದ ಅಧ್ಯಕ್ಷತೆಗೆ ಅವರನ್ನೇ ಕರೆದಿದ್ದರು. ಆ ವರ್ಷ ಸೆಪ್ಟೆಂಬರಿನಲ್ಲಿ ಮಾರ್ಗರೆಟ್ ತೀರಿಕೊಂಡರು, ಅವರು ಬರಲಿಲ್ಲ. ಆಮೇಲೆ ಸರ್ಕಾರಿ ನೌಕರಿಯಲ್ಲಿ ಭಾರತೀಯರ ಪಾಲಿನ ಬಗ್ಗೆ ತನಿಖೆ ಮಾಡಿದ ಇಸ್ಲಿಂಗ್ಟನ್ ಆಯೋಗದಲ್ಲಿ ಗೋಖಲೆಯವರ ಜೊತೆ ಸದಸ್ಯರಾಗಿದ್ದರು.

ಈಗ ಅಧಿಕಾರದ ಸರಪಳಿ. ಫಲಕದಲ್ಲಿ ಇದನ್ನು ಮೇಲಿಂದ ಕೆಳಗೆ ಆರು ಚೌಕ ಮಾಡಿ ತೋರಿಸಿ. ಪ್ರಧಾನಿ ಮ್ಯಾಕ್‌ಡೊನಾಲ್ಡ್, ಭಾರತ ಸಚಿವ, ಅಂದರೆ ಲಂಡನ್ ಸಂಪುಟದಲ್ಲಿ ಭಾರತದ ಹೊಣೆ ಹೊತ್ತ ಮಂತ್ರಿ (1931ರ ಆಗಸ್ಟ್‌ವರೆಗೆ ವೆಜ್‌ವುಡ್ ಬೆನ್, ಆಮೇಲೆ ಸ್ಯಾಮ್ಯುಯೆಲ್ ಹೋರ್), ವೈಸ್‌ರಾಯ್ (1931ರ ಏಪ್ರಿಲ್‌ವರೆಗೆ ಇರ್ವಿನ್, ಆಮೇಲೆ ವಿಲಿಂಗ್ಡನ್), ಮುಂಬೈ ಗವರ್ನರ್ ಫ್ರೆಡರಿಕ್ ಸೈಕ್ಸ್, ಬೆಳಗಾವಿಯಲ್ಲಿ ದಕ್ಷಿಣ ವಿಭಾಗದ ಕಮಿಷನರ್, ಕಾರವಾರದಲ್ಲಿ ಕಲೆಕ್ಟರ್. ಅವನ ಕೈಕೆಳಗೆ ತಾಲೂಕಿಗೊಬ್ಬ ಮಾಮಲೇದಾರ, ಊರಿಗೆ ಪಟೇಲ, ಶಾನುಭೋಗ. ಲಂಡನ್ನಿನ ಚೌಕದಲ್ಲಿ ಹೆಸರು ಬದಲಾದರೂ ಕೆಳಗಿನ ಕಚೇರಿ ನಡೆಯುವ ರೀತಿ ಬದಲಾಗುತ್ತಿರಲಿಲ್ಲ.

ಕಂದಾಯ ಕೊಡದಿದ್ದರೆ ಏನು ಮಾಡಬೇಕು ಎಂಬುದು 1879ರ ಮುಂಬೈ ಭೂಕಂದಾಯ ಸಂಹಿತೆಯಲ್ಲೇ ಬರೆದಿತ್ತು: ಬೇಡಿಕೆ ನೋಟಿಸು, ಚರಾಸ್ತಿ ಜಪ್ತಿ ಮತ್ತು ಲಿಲಾವು, ಹಿಡುವಳಿ ಹಕ್ಕನ್ನೇ ಸರ್ಕಾರಕ್ಕೆ ಮುಟ್ಟುಗೋಲು ಹಾಕುವುದು, ಸ್ಥಿರಾಸ್ತಿ ಮಾರಾಟ, ಬಾಕಿದಾರನ ಬಂಧನ. ಇದಕ್ಕೆ ಲಂಡನ್ನಿನ ಹುಕುಮು ಬೇಕಾಗಿಯೇ ಇರಲಿಲ್ಲ. ಕೆಲವೇ ರೂಪಾಯಿ ಬಾಕಿಗೆ ಇಡೀ ಗದ್ದೆ ಹೋಗುತ್ತಿದ್ದದ್ದು ಈ ಮುಟ್ಟುಗೋಲಿನ ದಾರಿಯಿಂದ. ಬಾಕಿ ಎಷ್ಟು ಎಂಬುದಕ್ಕೂ ಕಳೆದುಕೊಳ್ಳುವ ಜಮೀನಿನ ಬೆಲೆಗೂ ಸಂಬಂಧವೇ ಇರಬೇಕಿಲ್ಲ.

ಇದರ ಮೇಲೆ ಹೊಸ ಅಸ್ತ್ರ ಬಂತು. 1930ರ ಮೇ 30ರಂದು ವೈಸ್‌ರಾಯ್ ಒಂದು ಸುಗ್ರೀವಾಜ್ಞೆ ಹೊರಡಿಸಿದರು. ಅದು ಕಂದಾಯದಂಥ ಬಾಕಿ ಕೊಡಬೇಡಿ ಎಂದು ಜನರನ್ನು ಪ್ರೇರೇಪಿಸುವುದನ್ನೇ ಅಪರಾಧ ಮಾಡಿತು. ಸುಗ್ರೀವಾಜ್ಞೆಗೆ ಆರು ತಿಂಗಳ ಆಯುಸ್ಸು, ಶಾಸನಸಭೆಯ ಒಪ್ಪಿಗೆ ಬೇಡ. 1932ರ ಜನವರಿ 4ರಂದು, ಗಾಂಧೀಜಿಯನ್ನು ಬಂಧಿಸಿದ ದಿನವೇ, ಅದೇ ಬಗೆಯ ಆಜ್ಞೆ ಮತ್ತೆ ಬಂತು. ಜಮೀನು ಹೋದದ್ದು ಹಳೆಯ ಸಂಹಿತೆಯಿಂದ, ಮನೆಮನೆಗೆ ಹೋಗಿ ಮಾತಾಡಿದ ಕಾರ್ಯಕರ್ತರ ಮೇಲೆ ಬಿದ್ದದ್ದು ಈ ಆಜ್ಞೆ. ಮಕ್ಕಳು ಎರಡನ್ನೂ ಬೆರೆಸದಂತೆ ನೋಡಿಕೊಳ್ಳಿ.

ಲಂಡನ್ನಿನಲ್ಲಿ ಅವರ ಕೈ ಎಷ್ಟು ಬಿಗಿದಿತ್ತು ಎಂಬುದೂ ಬರಬೇಕು. ಬ್ರಿಟಿಷ್ ಸಂಸತ್ತಿನ ಕೆಳಮನೆಯಾದ 615 ಸ್ಥಾನದ ಕಾಮನ್ಸ್ ಸಭೆಯಲ್ಲಿ 1924ರಲ್ಲಿ ಲೇಬರ್‌ಗೆ ಇದ್ದದ್ದು 191, 1929ರಲ್ಲಿ 287. ಬಹುಮತಕ್ಕೆ 308 ಬೇಕು. ಎರಡು ಸಲವೂ ಲಿಬರಲ್ ಪಕ್ಷದ ದಯೆಯ ಮೇಲೆ ನಡೆದ ಸರ್ಕಾರ. 1929ರ ಅಕ್ಟೋಬರ್ 31ರಂದು ಇರ್ವಿನ್ ಡೊಮಿನಿಯನ್ ಸ್ಥಾನಮಾನದ (ಸಾಮ್ರಾಜ್ಯದೊಳಗಿದ್ದೇ ಸ್ವಯಮಾಡಳಿತ) ಮಾತಾಡಿದ್ದಕ್ಕೇ ಲಂಡನ್ನಿನಲ್ಲಿ ದೊಡ್ಡ ಗದ್ದಲವೆದ್ದಿತ್ತು. ಕಾನೂನಿನ ದಾರಿಯಲ್ಲಿ ಅದಕ್ಕಿಂತ ಮುಂದೆ ಹೋಗಲು ಸಂಖ್ಯಾಬಲ ಇರಲಿಲ್ಲ.


ಅಘನಾಶಿನಿ_ಅಳಿವೆ:

ಸೋಂದಾ ಅವರ ಸರಪಳಿ ಸರಿ. ಆದರೆ ಕೊನೆಯ ಪ್ಯಾರಾ ಓದಿದರೆ ಮಕ್ಕಳು "ಪಾಪ, ಅವರಿಂದ ಏನೂ ಆಗುತ್ತಿರಲಿಲ್ಲ" ಅಂತ ತಿಳಿದಾರು. ಅದು ನ್ಯಾಯವಲ್ಲ.

1919ರ ಭಾರತ ಸರ್ಕಾರ ಕಾಯ್ದೆಯ ಪ್ರಕಾರ ಪ್ರಾಂತದ ವಿಷಯಗಳು ಎರಡು ಭಾಗ. ಶಿಕ್ಷಣ, ಆರೋಗ್ಯದಂಥವು ಮಂತ್ರಿಗಳಿಗೆ. ಭೂಕಂದಾಯ, ಪೊಲೀಸ್‌ನಂಥವು ಕಾಯ್ದಿಟ್ಟ ವಿಷಯಗಳು, ಗವರ್ನರ್ ಮತ್ತು ಅವರ ಕಾರ್ಯಕಾರಿ ಮಂಡಳಿಗೆ. ಕಾಯ್ದಿಟ್ಟ ವಿಷಯಗಳಲ್ಲಿ ಗವರ್ನರ್ ಉತ್ತರ ಕೊಡಬೇಕಾದ್ದು ಮುಂಬೈ ಶಾಸನಸಭೆಗಲ್ಲ, ದಿಲ್ಲಿಯ ಮೂಲಕ ಭಾರತ ಸಚಿವರಿಗೆ, ಅವರ ಮೂಲಕ ಬ್ರಿಟಿಷ್ ಸಂಸತ್ತಿಗೆ. ಅಂದರೆ ಅಂಕೋಲೆಯ ಜಪ್ತಿಯ ಕಾನೂನಿನ ಹೊಣೆ ಲಂಡನ್ನಿನ ಸರ್ಕಾರದ ಮೇಲೇ ಬರುತ್ತದೆ. ಸುಗ್ರೀವಾಜ್ಞೆಗಳನ್ನು ಕಾಮನ್ಸ್ ಸಭೆಯಲ್ಲಿ ಸಮರ್ಥಿಸಿಕೊಂಡದ್ದೂ ಲೇಬರ್‌ನ ಭಾರತ ಸಚಿವರೇ. ದಿನನಿತ್ಯದ ಹುಕುಮು ಅವರದ್ದಲ್ಲ, ಒಪ್ಪಿಗೆ ಅವರದ್ದು. ಫಲಕದಲ್ಲಿ ಈ ಎರಡೂ ಮಾತು ಅಕ್ಕಪಕ್ಕ ಇರಲಿ.

1924ರದ್ದೂ ಹಾಗೇ. ಸರ್ಕಾರ ಬಂದ ಎರಡು ವಾರದೊಳಗೆ, ಫೆಬ್ರವರಿ 5ರಂದು, ಅಪೆಂಡಿಸೈಟಿಸ್ ಶಸ್ತ್ರಚಿಕಿತ್ಸೆಯಾಗಿದ್ದ ಗಾಂಧೀಜಿಯ ಬಿಡುಗಡೆಯಾಯಿತು. ಅದೇ ಸರ್ಕಾರ ಇಳಿಯುವ ಮೊದಲು, ಅಕ್ಟೋಬರ್ ಕೊನೆಯಲ್ಲಿ, ಬಂಗಾಳ ಸುಗ್ರೀವಾಜ್ಞೆ ಬಂತು, ಸುಭಾಷ್ ಬೋಸರ ಬಂಧನವಾಯಿತು.

ಕರಾವಳಿಯ ಮಕ್ಕಳಿಗೆ ನೇರವಾಗಿ ತಟ್ಟುವುದು 1931ರ ಮಾರ್ಚ್ 5ರ ಗಾಂಧಿ–ಇರ್ವಿನ್ ಒಪ್ಪಂದದ ಕಲಮುಗಳು. ಆಗ ಉಪ್ಪಿನ ಸುಂಕ ಮಣಕ್ಕೆ 1 ರೂಪಾಯಿ 4 ಆಣೆ. ಒಪ್ಪಂದದಲ್ಲಿ ಸುಂಕ ರದ್ದಾಗಲಿಲ್ಲ. ಉಪ್ಪು ಸಿಗುವ ಜಾಗದ ಪಕ್ಕದ ಹಳ್ಳಿಯವರು ಮನೆಬಳಕೆಗೆ ಉಪ್ಪು ಮಾಡಿಕೊಳ್ಳಬಹುದು, ಅದೇ ಹಳ್ಳಿಯೊಳಗೆ ಮಾರಬಹುದು, ಹೊರಗಿನವರಿಗೆ ಮಾರುವಂತಿಲ್ಲ ಎಂದಾಯಿತು. ಸಾಣಿಕಟ್ಟೆಯ ಉಪ್ಪಿನ ಆಗರ ನೋಡಿದ ಮಕ್ಕಳಿಗೆ ಈ ಗೆರೆ ಎಲ್ಲಿ ಬೀಳುತ್ತದೆ ಎಂಬುದು ಕೂಡಲೇ ಅರ್ಥವಾಗುತ್ತದೆ: ಹೊಳೆದಂಡೆಯಲ್ಲಿ ಒಂದು ಮಡಕೆ ಉಪ್ಪು ಕಾಯಿಸಿದರೆ ಅಡ್ಡಿಯಿಲ್ಲ, ಅದನ್ನೇ ಗಾಡಿಗೆ ಹೇರಿ ಘಟ್ಟ ಹತ್ತಿಸಿದರೆ ಅಪರಾಧ.

ಜಮೀನಿನ ಕಲಮು ಇನ್ನೂ ಮುಖ್ಯ. ಮುಟ್ಟುಗೋಲಾದ ಸ್ಥಿರಾಸ್ತಿ ಸರ್ಕಾರದ ವಶದಲ್ಲೇ ಇದ್ದರೆ ವಾಪಸು, ಅದೂ ಬಾಕಿದಾರ ಹಟದಿಂದ ಕಟ್ಟುವುದೇ ಇಲ್ಲ ಎಂದು ಕಲೆಕ್ಟರಿಗೆ ಅನ್ನಿಸದಿದ್ದರೆ. ಮೂರನೆಯವರಿಗೆ ಮಾರಿಬಿಟ್ಟಿದ್ದರೆ ಆ ಮಾರಾಟ ಕಾಯಂ. ರಾಜೀನಾಮೆ ಕೊಟ್ಟ ಊರ ಅಧಿಕಾರಿಗಳ ಜಾಗಕ್ಕೆ ಬೇರೆಯವರು ಕಾಯಂ ಆಗಿದ್ದರೆ ಹಳಬರಿಗೆ ಜಾಗವಿಲ್ಲ. ಒಪ್ಪಂದ ಆದ ಮೇಲೂ ಊರಿನಲ್ಲಿ ಕಹಿ ಉಳಿದದ್ದು ಈ ಮೂರರಿಂದ. ಆ ಜಮೀನುಗಳ ಪ್ರಶ್ನೆ ಬಗೆಹರಿಯಲು 1937ರಲ್ಲಿ ಮುಂಬೈ ಪ್ರಾಂತದಲ್ಲಿ ಕಾಂಗ್ರೆಸ್ ಮಂತ್ರಿಮಂಡಲ ಬರುವವರೆಗೆ ಕಾಯಬೇಕಾಯಿತು. ಆ ವರ್ಷವೇ ಮ್ಯಾಕ್‌ಡೊನಾಲ್ಡ್ ತೀರಿಕೊಂಡರು.

ಕೋಮುವಾರು ತೀರ್ಪಿನ ಬಗ್ಗೆ ಯಾರೂ ಬಿಡಿಸಿ ಹೇಳಿಲ್ಲ. ಪರೀಕ್ಷೆಯಲ್ಲೂ ಅರ್ಧಂಬರ್ಧ ಬರೆಯುವುದು ಇದನ್ನೇ.

ಎರಡನೇ ಸಮ್ಮೇಳನದ ಅಲ್ಪಸಂಖ್ಯಾತರ ಸಮಿತಿಗೆ ಮ್ಯಾಕ್‌ಡೊನಾಲ್ಡ್ ಅಧ್ಯಕ್ಷರು. ಸ್ಥಾನ ಹಂಚಿಕೆಯಲ್ಲಿ ಭಾರತೀಯ ಪ್ರತಿನಿಧಿಗಳು ಒಮ್ಮತಕ್ಕೆ ಬರಲಿಲ್ಲ. ಹಾಗಾಗಿ ಸರ್ಕಾರವೇ ನಿರ್ಧಾರ ಕೊಟ್ಟಿತು, 1932ರ ಆಗಸ್ಟ್ 16ರಂದು. ಮುಸ್ಲಿಮರು, ಸಿಖ್ಖರು, ಭಾರತೀಯ ಕ್ರೈಸ್ತರು, ಆಂಗ್ಲೋ ಇಂಡಿಯನ್ನರು, ಯುರೋಪಿಯನ್ನರಿಗೆ ಪ್ರತ್ಯೇಕ ಮತಕ್ಷೇತ್ರ, ಅಂದರೆ ಆಯಾ ಸಮುದಾಯದವರು ಮಾತ್ರ ಮತ ಹಾಕುವ ಕ್ಷೇತ್ರ. ದಲಿತ ವರ್ಗದವರಿಗೆ ಬೇರೆ ಬಗೆ: ಅವರು ಸಾಮಾನ್ಯ ಕ್ಷೇತ್ರದಲ್ಲೂ ಮತ ಹಾಕಬಹುದು, ಜೊತೆಗೆ ಆಯ್ದ ಕಡೆಗಳಲ್ಲಿ ಅವರೇ ಮತ ಹಾಕುವ ವಿಶೇಷ ಕ್ಷೇತ್ರದಲ್ಲಿ ಎರಡನೇ ಮತ. ಈ ಏರ್ಪಾಡಿಗೆ 20 ವರ್ಷದ ಗಡುವು. ಪ್ರಾಂತಗಳಲ್ಲಿ ಒಟ್ಟು 71 ಸ್ಥಾನ, ಅದರಲ್ಲಿ ಮುಂಬೈಗೆ 10.

ಗಾಂಧೀಜಿ ಆಗಸ್ಟ್ 18ರಂದು ಯರವಡಾ ಜೈಲಿನಿಂದ ಮ್ಯಾಕ್‌ಡೊನಾಲ್ಡ್‌ಗೆ ಪತ್ರ ಬರೆದು ಉಪವಾಸದ ಎಚ್ಚರಿಕೆ ಕೊಟ್ಟರು. ಸೆಪ್ಟೆಂಬರ್ 8ರ ಉತ್ತರದಲ್ಲಿ ಪ್ರಧಾನಿ ಜಗ್ಗಲಿಲ್ಲ. ಸಮುದಾಯಗಳೇ ಕೂಡಿ ಬೇರೆ ಒಪ್ಪಂದಕ್ಕೆ ಬಂದರೆ ಮಾತ್ರ ಬದಲಾವಣೆ ಎಂದರು. ಸೆಪ್ಟೆಂಬರ್ 20ಕ್ಕೆ ಉಪವಾಸ ಶುರು, 24ಕ್ಕೆ ಪೂನಾ ಒಪ್ಪಂದ. ಅದರಂತೆ ಎರಡನೇ ಮತ ಹೋಯಿತು, 71ರ ಬದಲು 148 ಸ್ಥಾನ ಬಂತು. ಸಿಂಧ್ ಸೇರಿ ಮುಂಬೈಗೆ 10 ಇದ್ದದ್ದು 15. ಚುನಾವಣೆ ಎರಡು ಹಂತ: ಮೊದಲು ಆ ಕ್ಷೇತ್ರದ ದಲಿತ ಮತದಾರರು ಮಾತ್ರ ಸೇರಿ ನಾಲ್ವರನ್ನು ಆರಿಸುವುದು, ಆಮೇಲೆ ಆ ನಾಲ್ವರಲ್ಲಿ ಒಬ್ಬರನ್ನು ಎಲ್ಲ ಜಾತಿಯ ಮತದಾರರೂ ಕೂಡಿ ಗೆಲ್ಲಿಸುವುದು. ಮೊದಲ ಹಂತಕ್ಕೆ 10 ವರ್ಷದ ಮಿತಿ.

ಅಂಬೇಡ್ಕರರ ಆಕ್ಷೇಪ ಇದ್ದದ್ದು ಎರಡನೇ ಹಂತದಲ್ಲೇ: ಕೊನೆಯ ಮಾತು ಬಹುಸಂಖ್ಯಾತರ ಮತದಲ್ಲಿ ಉಳಿಯುತ್ತದೆ. ಫಲಕದಲ್ಲಿ ಸ್ಥಾನ ಹೆಚ್ಚಾದದ್ದನ್ನು ಮಾತ್ರ ಬರೆದು ಎರಡನೇ ಮತ ಹೋದದ್ದನ್ನು ಬಿಟ್ಟರೆ ಅದು ಅರ್ಧ ಸತ್ಯವಾಗುತ್ತದೆ. ದಯವಿಟ್ಟು ಎರಡನ್ನೂ ಒಂದೇ ವಾಕ್ಯದಲ್ಲಿ ಹಾಕಿ. ನಮ್ಮ ಜಿಲ್ಲೆಗೂ ಇದರ ಎಳೆ ಇದೆ: ಈ ಒಪ್ಪಂದದ ನಂತರ ಅಸ್ಪೃಶ್ಯತೆಯ ವಿರುದ್ಧ ಕೈಗೊಂಡ ಹರಿಜನ ಪ್ರವಾಸದಲ್ಲೇ 1934ರಲ್ಲಿ ಗಾಂಧೀಜಿ ಶಿರಸಿ, ಸಿದ್ದಾಪುರ, ಕಾರವಾರಕ್ಕೆ ಬಂದದ್ದು.


ಗಂಗಾವಳಿ_ದಂಡೆ:

ಮೂವರಿಗೂ ಧನ್ಯವಾದ. ಎರಡು ಸಂಶಯ ಉಳಿದಿವೆ. ಲೇಬರ್ ಪಕ್ಷ ಕಟ್ಟಿದವರನ್ನೇ ಪಕ್ಷ ಹೊರಹಾಕಿದ್ದು ಯಾಕೆ? "ದ್ರೋಹಿ" ಎಂಬ ಮಾತು ಎಲ್ಲ ಕಡೆ ಕಾಣುತ್ತದೆ, ಫಲಕದಲ್ಲಿ ಹಾಕಬಹುದೇ? ಇನ್ನೊಂದು, ಹಲಗೆ 6 ಅಡಿ ಉದ್ದದ್ದು. ಲಂಡನ್ ಮತ್ತು ಅಂಕೋಲೆಯ ಘಟನೆ ಎರಡೂ ಒಂದೇ ಕಾಲರೇಖೆಯಲ್ಲಿ ಹಿಡಿಸುವುದು ಹೇಗೆ?


ಸೋಂದಾ_ದಾರಿ:

ಪಕ್ಷದ ಪ್ರಶ್ನೆಗೆ ನಾನು ಹೇಳುತ್ತೇನೆ.

ಪಕ್ಷ ಕಟ್ಟಿದವರು ಎಂಬುದು ಉತ್ಪ್ರೇಕ್ಷೆಯಲ್ಲ. 1900ರ ಫೆಬ್ರವರಿ 27ರಂದು ಲಂಡನ್ನಿನಲ್ಲಿ ಕಾರ್ಮಿಕ ಸಂಘಗಳೂ ಸಮಾಜವಾದಿ ಗುಂಪುಗಳೂ ಸೇರಿ ಕಾರ್ಮಿಕ ಪ್ರಾತಿನಿಧ್ಯ ಸಮಿತಿ ಮಾಡಿದವು. ಮೊದಲ ಕಾರ್ಯದರ್ಶಿ ಮ್ಯಾಕ್‌ಡೊನಾಲ್ಡ್, ಶುರುವಿನಲ್ಲಿ ಸಂಬಳವಿಲ್ಲ. ಕಾಮನ್ಸ್ ಸದಸ್ಯರಿಗೂ 1911ರವರೆಗೆ ಸಂಬಳ ಇರಲಿಲ್ಲ, ಆಮೇಲೆ ವರ್ಷಕ್ಕೆ 400 ಪೌಂಡ್. ಆ ವರ್ಷಗಳಲ್ಲಿ ಅವರ ಸಂಸಾರ ನಡೆದದ್ದು ಬಹುಪಾಲು ಮಾರ್ಗರೆಟ್ ತವರಿನಿಂದ ಬರುತ್ತಿದ್ದ ಆದಾಯ ಮತ್ತು ಪತ್ರಿಕೆಗಳಿಗೆ ಬರೆದ ದುಡ್ಡಿನಿಂದ. 1903ರಲ್ಲಿ ಲಿಬರಲ್ ಪಕ್ಷದ ಹರ್ಬರ್ಟ್ ಗ್ಲಾಡ್‌ಸ್ಟನ್ ಜೊತೆ ಗುಟ್ಟಾಗಿ ಕೂತು, ಕೆಲವು ಕ್ಷೇತ್ರಗಳಲ್ಲಿ ಒಬ್ಬರ ವಿರುದ್ಧ ಒಬ್ಬರು ನಿಲ್ಲದಂತೆ ಹೊಂದಾಣಿಕೆ ಮಾಡಿಕೊಂಡರು. 1900ರಲ್ಲಿ 2 ಸ್ಥಾನ ಗೆದ್ದಿದ್ದ ಸಮಿತಿ 1906ರಲ್ಲಿ 29 ಗೆದ್ದಿತು. ಅವರೂ ಆ ಸಲ ಲೆಸ್ಟರ್‌ನಿಂದ ಗೆದ್ದರು.

ಅವರ ಬದುಕಿನ ಅತ್ಯಂತ ಧೈರ್ಯದ ಕೆಲಸ 1914ರದ್ದು, ಅದನ್ನು ಯಾರೂ ಬರೆಯುವುದಿಲ್ಲ. ಯುದ್ಧದ ಖರ್ಚಿಗೆ ಮತ ಹಾಕಲು ಪಕ್ಷ ಒಪ್ಪಿದಾಗ ಸಂಸದೀಯ ನಾಯಕತ್ವ ಬಿಟ್ಟು ಎದ್ದುಬಂದರು. ಹೊರೇಶಿಯೊ ಬಾಟಮ್ಲಿ ಎಂಬ ಪತ್ರಿಕೆಯ ಒಡೆಯ 1915ರಲ್ಲಿ ಅವರ ಜನ್ಮ ಪ್ರಮಾಣಪತ್ರವನ್ನೇ ಅಚ್ಚು ಹಾಕಿ, ಮದುವೆಯಿಲ್ಲದೆ ಹುಟ್ಟಿದವನು ಎಂದು ಊರಿಗೆಲ್ಲ ಸಾರಿದ. ಹುಟ್ಟೂರಿನ ಗಾಲ್ಫ್ ಕ್ಲಬ್ ಸದಸ್ಯತ್ವ ಕಿತ್ತುಹಾಕಿತು. 1918ರಲ್ಲಿ ಲೆಸ್ಟರ್ ಕ್ಷೇತ್ರವೂ ಹೋಯಿತು. 1922ರಲ್ಲಿ ವೇಲ್ಸ್‌ನ ಅಬೆರಾವನ್‌ನಿಂದ ಮರಳಿ ಬಂದು, 61ಕ್ಕೆ 56 ಮತದಿಂದ ನಾಯಕರಾದರು. ಐದೇ ಮತದ ಅಂತರ.

ಇನ್ನು 1931. ಜುಲೈ 31ಕ್ಕೆ ಮೇ ಸಮಿತಿಯ ವರದಿ ಬಂತು (ಮೇ ಎಂಬುದು ಅಧ್ಯಕ್ಷರ ಹೆಸರು, ತಿಂಗಳಲ್ಲ, ಮಕ್ಕಳು ಇಲ್ಲಿ ತಪ್ಪುತ್ತಾರೆ). ಬಜೆಟ್ಟಿನಲ್ಲಿ 12 ಕೋಟಿ ಪೌಂಡ್ ಕೊರತೆ ಬೀಳುತ್ತದೆ, ಖರ್ಚು ಕಡಿತ ಮಾಡಿ, ಅದರಲ್ಲಿ ದೊಡ್ಡ ಪಾಲು ನಿರುದ್ಯೋಗ ಭತ್ಯೆಯಿಂದ ಬರಲಿ ಎಂದಿತು. ಆಗ ನಿರುದ್ಯೋಗಿಗಳ ಸಂಖ್ಯೆ 25 ಲಕ್ಷ ಮೀರಿತ್ತು. ವರದಿ ಓದಿದ ಹೊರದೇಶದ ಹೂಡಿಕೆದಾರರು ಪೌಂಡ್ ಮಾರಿ ಚಿನ್ನ ಒಯ್ಯತೊಡಗಿದರು. ಪೌಂಡ್ ಚಿನ್ನಕ್ಕೆ ಕಟ್ಟಿದ್ದರಿಂದ ಬ್ಯಾಂಕ್ ಆಫ್ ಇಂಗ್ಲೆಂಡಿನ ತಿಜೋರಿ ಬರಿದಾಗತೊಡಗಿತು. ನ್ಯೂಯಾರ್ಕಿನ ಬ್ಯಾಂಕುಗಳಿಂದ ಸಾಲ ಬೇಕಿತ್ತು. ನಂಬಿಕೆ ಹುಟ್ಟಿಸುವ ಕಡಿತ ಕಾಣದೆ ಅದು ಹುಟ್ಟುವಂತಿರಲಿಲ್ಲ. ಆಗಸ್ಟ್ 23ರ ರಾತ್ರಿ ಸಂಪುಟದಲ್ಲಿ ಭತ್ಯೆಗೆ ಶೇ. 10 ಕಡಿತದ ಪರ 11, ವಿರುದ್ಧ 9. ಒಂಬತ್ತು ಜನ ಮಂತ್ರಿಗಳು ಹೊರಗೆ ಹೋದರೆ ಸರ್ಕಾರ ಉಳಿಯುವುದಿಲ್ಲ.

ಎಲ್ಲರೂ ರಾಜೀನಾಮೆ ಕೊಟ್ಟು ಹೊರಬರುತ್ತೇವೆ ಎಂದುಕೊಂಡಿದ್ದರು. ಮರುದಿನ ರಾಜನ ಒತ್ತಾಯದ ಮೇಲೆ ಮ್ಯಾಕ್‌ಡೊನಾಲ್ಡ್ ಕನ್ಸರ್ವೇಟಿವ್, ಲಿಬರಲ್ ನಾಯಕರನ್ನು ಸೇರಿಸಿಕೊಂಡು ಹೊಸ ಸರ್ಕಾರದ ಪ್ರಧಾನಿಯಾಗಿ ಹೊರಬಂದರು. ಹತ್ತು ಜನರ ಸಂಪುಟದಲ್ಲಿ ಲೇಬರ್‌ನಿಂದ ಬಂದವರು ಅವರೂ ಸೇರಿ ನಾಲ್ವರು. ಪೌಂಡನ್ನು ಚಿನ್ನಕ್ಕೆ ಕಟ್ಟಿದ ಪದ್ಧತಿಯನ್ನು ಉಳಿಸಲೆಂದೇ ಇಷ್ಟೆಲ್ಲ ಮಾಡಿದ್ದು, ಆದರೆ ಸೆಪ್ಟೆಂಬರ್ 21ಕ್ಕೆ ಅದನ್ನೇ ಕೈಬಿಡಬೇಕಾಯಿತು. ಅಕ್ಟೋಬರ್ 27ರ ಚುನಾವಣೆಯಲ್ಲಿ ರಾಷ್ಟ್ರೀಯ ಸರ್ಕಾರಕ್ಕೆ 554 ಸ್ಥಾನ, ಲೇಬರ್ 52ಕ್ಕೆ ಕುಸಿಯಿತು. ಅವರ ಜೊತೆ ಬಂದ ರಾಷ್ಟ್ರೀಯ ಲೇಬರ್ ಗುಂಪಿಗೆ ಬರೀ 13. ಆಮೇಲಿನ ನಾಲ್ಕು ವರ್ಷ ಬೇರೆಯವರ ಬಲದ ಮೇಲೆ ಕೂತ ಪ್ರಧಾನಿ ಅವರು. ಭಾರತದ ವಿಷಯದಲ್ಲಿ 1932ರ ಬಿಗಿ ಬಂದದ್ದಕ್ಕೂ ಇದೇ ಹಿನ್ನೆಲೆ.

"ದ್ರೋಹಿ" ಎಂಬುದನ್ನು ನಿಮ್ಮ ಮಾತಾಗಿ ಹಾಕಬೇಡಿ, "ಪಕ್ಷದವರು ದ್ರೋಹಿ ಎಂದರು" ಅಂತ ಹಾಕಿ. ನನ್ನ ಅಭಿಪ್ರಾಯ ಕೇಳಿದರೆ, ಅವರು ಕುರ್ಚಿಯ ಆಸೆಗೆ ಮೊದಲೇ ಹೂಡಿದ ಸಂಚು ಅದಲ್ಲ. ಆದರೆ ಬಿಕ್ಕಟ್ಟು ಕಳೆದ ಕೂಡಲೇ ಇಳಿಯುವುದು ಬಿಟ್ಟು, ತಾವೇ ಕಟ್ಟಿದ ಪಕ್ಷದ ವಿರುದ್ಧ ಚುನಾವಣೆಗೆ ಹೋದದ್ದಕ್ಕೆ ಸಮರ್ಥನೆ ಇಲ್ಲ.


ಕೋಡಿಬಾಗ_ಹಳೆಕಾಗದ:

ಕಾಲರೇಖೆಗೆ ಲೆಕ್ಕ ಹೀಗೆ. 6 ಅಡಿ ಎಂದರೆ 72 ಇಂಚು. 1929ರಿಂದ 1935ರವರೆಗೆ 7 ವರ್ಷ. ಸಮವಾಗಿ 10 ಇಂಚು ಕೊಟ್ಟರೆ 1929, 1933 ಖಾಲಿ ಬೀಳುತ್ತವೆ, 1931 ಉಸಿರುಗಟ್ಟುತ್ತದೆ. 1930, 1931, 1932ಕ್ಕೆ ತಲಾ 15 ಇಂಚು ಕೊಡಿ, ಅದು 45. ಉಳಿದ ನಾಲ್ಕು ವರ್ಷಕ್ಕೆ ತಲಾ 6, ಅದು 24. ಒಟ್ಟು 69, ಎರಡೂ ತುದಿಗೆ ಒಂದೂವರೆ ಇಂಚು ಅಂಚು. ಅಳತೆ ಬದಲಾಗುವ ಎರಡು ಕಡೆ ಗೆರೆಯನ್ನು ಮುರಿದು ತೋರಿಸಲೇಬೇಕು, ಇಲ್ಲದಿದ್ದರೆ ಓದುವವರು 1931ನ್ನು ಎರಡೂವರೆ ವರ್ಷ ಅಂತ ತಿಳಿಯುತ್ತಾರೆ.

ಗೆರೆಯ ಮೇಲೆ ಲಂಡನ್, ಕೆಳಗೆ ಕಾರವಾರ ಜಿಲ್ಲೆ. ಗೆರೆಗೇ ಎರಡು ಬಣ್ಣ: 1931ರ ಆಗಸ್ಟ್ 24ರವರೆಗೆ ಕೆಂಪು, ಆಮೇಲೆ ನೀಲಿ. 15 ಇಂಚಿಗೆ 12 ತಿಂಗಳೆಂದರೆ ತಿಂಗಳಿಗೆ ಒಂದೂಕಾಲು ಇಂಚು. ಹಾಗಾಗಿ ಬಣ್ಣ ಬದಲಾಗುವುದು 1931ರ ಪಟ್ಟಿಯಲ್ಲಿ ಎಡಗಡೆಯಿಂದ ಸುಮಾರು 9 ಮುಕ್ಕಾಲು ಇಂಚಿಗೆ. 1932ರ ಕರನಿರಾಕರಣೆಯ ಚೀಟಿ ನೀಲಿಯ ಕೆಳಗೆ ಬಂದಿದೆಯೇ ಎಂದು ಕೊನೆಗೆ ಒಮ್ಮೆ ನೋಡಿ. 1935ರಲ್ಲಿ ಬರುವುದು ಎರಡೇ: ಜೂನ್ 7ರ ಬದಲಾವಣೆ, ಆಗಸ್ಟ್ 2ರ ಕಾಯ್ದೆ. ಆರು ಇಂಚಿನಲ್ಲಿ ಅವು ಒಂದಕ್ಕೊಂದು ತಾಗುತ್ತವೆ, ಒಂದನ್ನು ಮೇಲೆ ಎತ್ತಿ ಬಾಣ ಹಾಕಿ.

120 ಪದದೊಳಗಿನ ಪಠ್ಯ, ಬೇಕಾದಂತೆ ಬದಲಾಯಿಸಿಕೊಳ್ಳಿ:

"ರಾಮ್ಸೆ ಮ್ಯಾಕ್‌ಡೊನಾಲ್ಡ್ (1866–1937). ಸ್ಕಾಟ್ಲೆಂಡಿನ ಲಾಸಿಮೌತ್‌ನ ಬಡ ಮನೆಯಲ್ಲಿ ಹುಟ್ಟಿ, ಲೇಬರ್ ಪಕ್ಷದ ಮೊದಲ ಪ್ರಧಾನಿಯಾದವರು. 1909ರಲ್ಲಿ ಭಾರತಕ್ಕೆ ಬಂದಿದ್ದರು. 1911ರ ಕಾಂಗ್ರೆಸ್ ಅಧ್ಯಕ್ಷತೆಗೆ ಅವರನ್ನು ಕರೆಯಲಾಗಿತ್ತು. ಅಂಕೋಲೆಯಲ್ಲಿ ಉಪ್ಪಿನ ಕಾಯ್ದೆ ಮುರಿದಾಗ ಅವರ ಲೇಬರ್ ಸರ್ಕಾರಕ್ಕೆ ಬಹುಮತ ಇರಲಿಲ್ಲ. ಜಪ್ತಿಯ ಹುಕುಮು ಹೊರಟದ್ದು ಮುಂಬೈ ಸರ್ಕಾರದ ಕಚೇರಿಗಳಿಂದ. ಅದರ ಕಾನೂನಿನ ಹೊಣೆ ಲಂಡನ್ನಿನದ್ದು. 1931ರ ಆಗಸ್ಟ್‌ನಲ್ಲಿ ಸ್ವಂತ ಪಕ್ಷ ಬಿಟ್ಟು ಕನ್ಸರ್ವೇಟಿವ್ ಬಲದ ರಾಷ್ಟ್ರೀಯ ಸರ್ಕಾರ ಕಟ್ಟಿದರು. 1932ರ ಎರಡನೇ ಕರನಿರಾಕರಣೆ ನಡೆದದ್ದು ಆ ಸರ್ಕಾರದ ಕಾಲದಲ್ಲಿ. ಅದೇ ವರ್ಷ ಕೋಮುವಾರು ತೀರ್ಪು ಕೊಟ್ಟರು. ಪೂನಾ ಒಪ್ಪಂದ ಅದನ್ನು ಬದಲಿಸಿ, ದಲಿತ ವರ್ಗದ 71 ಸ್ಥಾನಗಳನ್ನು 148ಕ್ಕೆ ಏರಿಸಿತು, ಅವರ ಎರಡನೇ ಮತವನ್ನು ತೆಗೆಯಿತು."

ಕೊನೆಯ ವರ್ಷಗಳು ಬೇಕಿದ್ದರೆ ಒಂದು ಸಾಲು ಸಾಕು: 1935ರ ಚುನಾವಣೆಯಲ್ಲಿ ಸೀಹ್ಯಾಮ್ ಕ್ಷೇತ್ರದಲ್ಲಿ ಲೇಬರ್‌ನ ಶಿನ್‌ವೆಲ್ ಎದುರು 20 ಸಾವಿರಕ್ಕೂ ಹೆಚ್ಚು ಮತದಿಂದ ಸೋತರು, 1937ರ ನವೆಂಬರ್ 9ರಂದು ದಕ್ಷಿಣ ಅಮೆರಿಕಕ್ಕೆ ಹೊರಟಿದ್ದ ಹಡಗಿನಲ್ಲಿ ತೀರಿಕೊಂಡರು. ಹುಟ್ಟೂರಿನ ಬಳಿಯ ಸ್ಪೈನಿ ಸ್ಮಶಾನದಲ್ಲಿ ಮಾರ್ಗರೆಟ್ ಪಕ್ಕದಲ್ಲೇ ಅವರ ಸಮಾಧಿ ಇದೆ.